12 ಇಂಚಿನ ಸ್ಪೀಕರಿಗೆ ನಾನೇ ಮಾಡಿದ ಪೆಟ್ಟಿಗೆ

ನನ್ನ ಹತ್ತಿರ ಗಿಟಾರಿಗೆ ಹಾಕುವ 15 ವ್ಯಾಟಿನ ಒಂದು ಟ್ಯೂಬ್ ಆಂಪ್ ಇದೆ, ಅಂದರೆ ಹಳೆಯ ರೇಡಿಯೊದ ಹಾಗೆ ವಾಲ್ವ್ ಇರುವ ಆಂಪ್ಲಿಫೈಯರ್. ಅದರೊಳಗೇ ಕೂತಿರುವ ಸ್ಪೀಕರ್ 8 ಇಂಚಿನದು. ಸಣ್ಣ ತಂತಿಗಳು ಚೆನ್ನಾಗೇ ಕೇಳಿಸುತ್ತಿದ್ದವು. ದಪ್ಪ ತಂತಿ ಮೀಟಿದರೆ ಮಾತ್ರ ಡಬ್ಬದೊಳಗಿಂದ ಯಾರೋ ಮಾತಾಡಿದ ಹಾಗೆ. ಆಂಪಿನ ಹಿಂದೆ ‘8 ಓಮ್’ ಎಂದು ಬರೆದ ಜ್ಯಾಕ್ ಇತ್ತು, ಹೊರಗಿನ ಸ್ಪೀಕರಿಗೆಂದು. ಎರಡು ವರ್ಷ ಅದನ್ನು ಖಾಲಿ ಬಿಟ್ಟಿದ್ದೆ. ಒಂದು ಭಾನುವಾರ ಗೆಳೆಯನ ಮನೆಯಲ್ಲಿ ಇದೇ ಆಂಪನ್ನು 12 ಇಂಚಿನ ಸ್ಪೀಕರಿಗೆ ಹಾಕಿ ನುಡಿಸಿದೆ. ವಾಪಸ್ ಬರುವಾಗ ಬೇರೆ ಯೋಚನೆಯೇ ಇರಲಿಲ್ಲ. ಪೆಟ್ಟಿಗೆ ಬೇಕು, ಅದನ್ನು ನಾನೇ ಮಾಡಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೈಕ್‌ಸೆಟ್ಟಿಗೆ ಹಾಕುವ 12 ಇಂಚಿನ ಸ್ಪೀಕರುಗಳು ಬೇಕಾದಷ್ಟು ಸಿಗುತ್ತವೆ. ಅದನ್ನೇ ಹಾಕಿಬಿಡೋಣ ಅಂತ ಮೊದಲು ಅನ್ನಿಸಿತ್ತು. ಆದರೆ ಗಿಟಾರಿನ ಸ್ಪೀಕರಿನ ಜಾತಿಯೇ ಬೇರೆ. ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಇಳಿದುಹೋಗುತ್ತದೆ. ಡಿಸ್ಟಾರ್ಷನ್ ಹಾಕಿದಾಗ, ಅಂದರೆ ದನಿಯನ್ನು ಬೇಕೆಂದೇ ಒಡೆದಾಗ, ಬರುವ ಕರಕರ ಸದ್ದನ್ನು ತಡೆದು, ಕಿವಿಗೆ ಹಿತ ಮಾಡುವುದು ಈ ಇಳಿತವೇ. ಹಾಗಾಗಿ ಹಣ ಕೂಡಿಟ್ಟು ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಎಂಬ ಗಿಟಾರ್ ಸ್ಪೀಕರ್ ತೆಗೆದುಕೊಂಡೆ. 60 ವ್ಯಾಟ್, ಆಂಪಿನ ಜ್ಯಾಕಿನ ಹಾಗೇ 8 ಓಮ್. ನನ್ನ 15 ವ್ಯಾಟಿಗೆ ಧಾರಾಳ ಸಾಕು.

ಆಮೇಲೆ ಮರದ ಪ್ರಶ್ನೆ. ವೀಣೆಗೆ ಹಲಸು ಹಾಕುತ್ತಾರಲ್ಲ, ಇದಕ್ಕೂ ಅದೇ ಹಾಕು ಅಂತ ಮನೆಯಲ್ಲಿ ಹೇಳಿದರು. ವೀಣೆಯ ಕೊಡ ತಾನೇ ಹಾಡಬೇಕು, ಅದಕ್ಕೇ ಹಲಸು. ನನ್ನ ಪೆಟ್ಟಿಗೆ ಹಾಡುವುದು ನನಗೆ ಬೇಡವಾಗಿತ್ತು. ಫೆಂಡರ್ ಕಂಪನಿಯ ಹಳೆಯ ಆಂಪುಗಳ ಪೆಟ್ಟಿಗೆ ಪೈನ್ ಮರದ್ದು, ಹಗುರ, ಅದೂ ಸ್ವಲ್ಪ ದನಿಗೂಡಿಸುತ್ತದೆ. ಮಾರ್ಷಲ್‌ನವರ ನಾಲ್ಕು ಸ್ಪೀಕರಿನ ದೊಡ್ಡ ಪೆಟ್ಟಿಗೆ ಬರ್ಚ್ ಪ್ಲೈವುಡ್ಡಿನದು, ಗಟ್ಟಿ. ನಾನು 18 ಮಿ.ಮೀ. ಪ್ಲೈವುಡ್ ತಂದೆ, ಮರೈನ್ ಪ್ಲೈವುಡ್ಡಿಗೆ ಹಾಕುವ ಐಎಸ್ 710 ಮುದ್ರೆ ಇರುವಂಥದ್ದು. ನೀರು ತಡೆಯುತ್ತದೆ ಅನ್ನುವುದಕ್ಕಿಂತ, ಪದರಗಳ ನಡುವೆ ಟೊಳ್ಳು ಕಡಿಮೆ ಅನ್ನುವುದಕ್ಕೆ. ಅಂಗಡಿಯಲ್ಲೇ ಬೆರಳ ಗೆಣ್ಣಿನಿಂದ ಹಲಗೆ ಪೂರ್ತಿ ತಟ್ಟಿ ನೋಡಿದೆ. ಟೊಳ್ಳು ಇದ್ದ ಕಡೆ ಸದ್ದು ಬದಲಾಗುತ್ತದೆ, ಗೊತ್ತಾಗಿಬಿಡುತ್ತದೆ. 4 ಅಡಿಗೆ 4 ಅಡಿ, ಅರ್ಧ ಹಲಗೆಯಲ್ಲಿ ಎಲ್ಲಾ ಮುಗಿದು ಇನ್ನೂ ಉಳಿಯಿತು. ಆ ಉಳಿದ ತುಂಡೇ ಮುಂದೆ ನನ್ನನ್ನು ಕಾಪಾಡಿತು.

ಅಳತೆ ಹೊರಗಿನಿಂದ 20 ಇಂಚು ಅಗಲ, 18 ಇಂಚು ಎತ್ತರ, 11 ಇಂಚು ಆಳ. ಪಕ್ಕದ ಹಲಗೆಗಳು ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಕೂರುತ್ತವೆ. ಹಾಗಾಗಿ ಅವನ್ನು ಕೊಯ್ಯಿಸುವಾಗ ಎರಡು ಹಲಗೆಯ ದಪ್ಪ, ಅಂದರೆ 36 ಮಿ.ಮೀ., ಮರೆಯದೆ ಕಳೆಯಬೇಕು. ನೇರ ಕೊಯ್ತವನ್ನೆಲ್ಲ ನಮ್ಮ ಬೀದಿಯ ಆಚಾರ್ರ ಮೆಷಿನ್ನಿನಲ್ಲೇ ಮಾಡಿಸಿದೆ. ಕೈಗರಗಸದಲ್ಲಿ ಅಷ್ಟು ನೇರ ನನಗೆ ಬರುವುದಿಲ್ಲ. ಮೂಲೆ ಸೇರದಿದ್ದರೆ ಮುಂದಿನ ಕೆಲಸವೆಲ್ಲ ಹಾಳು.

ಮುಂದಿನ ಹಲಗೆಯಲ್ಲಿ ಸ್ಪೀಕರ್ ಕೂರುವ ತೂತು ಮಾತ್ರ ನಾನೇ ಕೊರೆದೆ. ತಪ್ಪಿದ್ದೂ ಅಲ್ಲೇ. 12 ಇಂಚಿನ ಸ್ಪೀಕರ್ ತಾನೇ, 12 ಇಂಚಿನ ತೂತು ಅಂದುಕೊಂಡು ಅಷ್ಟಕ್ಕೇ ವೃತ್ತ ಎಳೆದು ಜಿಗ್‌ಸಾದಲ್ಲಿ ಕೊಯ್ದೆ. ಕೊಯ್ತ ನುಣ್ಣಗೆ ಬಂದಿತ್ತು, ಖುಷಿಯಾಗಿತ್ತು. ಸ್ಪೀಕರ್ ಇಟ್ಟು ನೋಡಿದರೆ ಅಂಚು ಕೂದಲೆಳೆಯಷ್ಟು ಮಾತ್ರ ಮರದ ಮೇಲಿದೆ, ಬೋಲ್ಟಿನ ತೂತುಗಳು ಗಾಳಿಯಲ್ಲಿ ನಿಂತಿವೆ! ಸ್ಪೀಕರಿನ ಹೊರ ಅಂಚಿನ ವ್ಯಾಸ 309 ಮಿ.ಮೀ., ಬೋಲ್ಟುಗಳು ಕೂರುವ ವೃತ್ತದ್ದು 297, ಕೊಯ್ಯಬೇಕಾದ ತೂತಿನದು 283. ನಾನು ಕೊಯ್ದದ್ದು 305. ಆಚಾರ್ರು ಬಂದು ನೋಡಿ ಒಂದೇ ಮಾತು ಕೇಳಿದರು: “ಕೊಯ್ಯೋ ಮುಂಚೆ ಸ್ಪೀಕರ್ ಇಟ್ಟು ನೋಡಿದ್ರಾ ಸಾರ್?” ನೋಡಿರಲಿಲ್ಲ. ಉಳಿದ ತುಂಡಿನಲ್ಲಿ ಇನ್ನೊಂದು ಮುಂಹಲಗೆ ಮಾಡಿದೆ. ಸಣ್ಣ ರೀಪರ್ ತುಂಡಿನ ಒಂದು ಕಡೆ ಮೊಳೆ, ಅಲ್ಲಿಂದ 141.5 ಮಿ.ಮೀ. ದೂರಕ್ಕೆ ಪೆನ್ಸಿಲ್ ತೂರುವಷ್ಟು ತೂತು. ಇದಕ್ಕಿಂತ ಒಳ್ಳೆಯ ಕೈವಾರ ಬೇಕಿಲ್ಲ. ಈ ಸಲ ಗೆರೆಯ ಒಳಗೇ ಕೊಯ್ದು, ಮಿಕ್ಕಿದ್ದನ್ನು ಉಜ್ಜುಕಾಗದದಲ್ಲಿ ತೆಗೆದೆ.

ಜೋಡಣೆಗೆ ಒಳಮೂಲೆಗಳಲ್ಲೆಲ್ಲ ಒಂದಿಂಚಿನ ರೀಪರ್ ಕೊಟ್ಟು, ಫೆವಿಕಾಲ್ ಬಳಿದು, ಸ್ಕ್ರೂ ಹಾಕಿದೆ. ಮೊದಲು 3 ಮಿ.ಮೀ. ತೂತು ಕೊರೆದೇ ಸ್ಕ್ರೂ ಬಿಗಿಯಬೇಕು, ಇಲ್ಲದಿದ್ದರೆ ಪ್ಲೈವುಡ್ಡಿನ ಅಂಚು ಬಿರಿಯುತ್ತದೆ. ನನ್ನ ಹತ್ತಿರ ದೊಡ್ಡ ಕ್ಲ್ಯಾಂಪ್ ಇರಲಿಲ್ಲ. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬ್ ತಂದು, ಉದ್ದಕ್ಕೆ ಸೀಳಿ, ಪೆಟ್ಟಿಗೆಯ ಸುತ್ತ ಎಳೆದೆಳೆದು ಸುತ್ತಿದೆ. ಅದರ ಬಿಗಿ ಎಲ್ಲ ಕಡೆಯೂ ಒಂದೇ ಸಮ ಇರುತ್ತದೆ. ಸಂದಿಯಿಂದ ಅಂಟು ಹೊರಗೆ ಉಕ್ಕಿದ್ದನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕಡೆ ಅಳೆದೆ. ಎರಡೂ ಒಂದೇ ಬಂದರೆ ಪೆಟ್ಟಿಗೆ ಸೊಟ್ಟಗಿಲ್ಲ ಎಂದರ್ಥ. ಒಂದು ಪೂರ್ತಿ ದಿನ ಮುಟ್ಟದೆ ಬಿಟ್ಟೆ.

ಹೊದಿಕೆಗೆ ಆಟೋ ಸೀಟು ಹೊಲಿಯುವ ಅಂಗಡಿಯಿಂದ ಕಪ್ಪು ರೆಕ್ಸಿನ್. ಮುಂದಿನ ಬಟ್ಟೆಗೆ ಮೊದಲು ಸೋಫಾ ಬಟ್ಟೆ ಯೋಚಿಸಿದ್ದೆ. ಬಾಯಿಗೆ ಹಿಡಿದು ಊದಿದೆ, ಉಸಿರು ಆಚೆ ಹೋಗಲೇ ಇಲ್ಲ. ಉಸಿರು ಹೋಗದ ಬಟ್ಟೆಯಲ್ಲಿ ದನಿಯೂ ಮಂಕಾಗುತ್ತದೆ. ಕೊನೆಗೆ ಸೆಣಬಿನ ಬಟ್ಟೆ ಹಾಕಿದೆ. ಇಸ್ತ್ರಿ ಮಾಡಿ, ಚೌಕಟ್ಟಿನ ಪ್ರತಿ ಬದಿಯ ನಡುವಿನಿಂದ ಶುರುಮಾಡಿ ಮೂಲೆಯ ಕಡೆಗೆ ಪಿನ್ ಹೊಡೆದರೆ ನೇಯ್ಗೆ ನೇರ ನಿಲ್ಲುತ್ತದೆ.

ಸ್ಪೀಕರನ್ನು ಒಳಗಿನಿಂದ ನಾಲ್ಕು ಬೋಲ್ಟಿಗೆ ಕೂರಿಸಿದೆ. ಒಂದನ್ನೇ ಪೂರ್ತಿ ಬಿಗಿಯಬಾರದು. ಎದುರುಬದುರಿನದನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬರಬೇಕು, ಇಲ್ಲದಿದ್ದರೆ ಸ್ಪೀಕರಿನ ಚೌಕಟ್ಟು ತಿರುಚಿಕೊಳ್ಳುತ್ತದೆ. ಜ್ಯಾಕಿನಿಂದ ಸ್ಪೀಕರಿಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ತಂತಿ. ಆಂಪಿನಿಂದ ಪೆಟ್ಟಿಗೆಗೂ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರಿನ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ತೆಳು, ಅದನ್ನು ಇಲ್ಲಿ ಹಾಕಲೇಬಾರದು. ಮಲ್ಟಿಮೀಟರಿನಲ್ಲಿ ನೋಡಿದಾಗ 8 ಓಮ್ ಸ್ಪೀಕರ್ 7ಕ್ಕಿಂತ ಸ್ವಲ್ಪ ಕಡಿಮೆ ತೋರಿಸಿತು. ಅದು ಸರಿಯೇ, ಗಾಬರಿ ಬೇಡ. ಇನ್ನೊಂದು ಮಾತು ದಯವಿಟ್ಟು ನೆನಪಿಡಿ. ಟ್ಯೂಬ್ ಆಂಪನ್ನು ಸ್ಪೀಕರ್ ಹಾಕದೆ ಯಾವತ್ತೂ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಈಗ ಹಿಂಬದಿ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಅಜ್ಜನ ವಾಲ್ವ್ ರೇಡಿಯೊ ನೆನಪಿದೆಯಾ? ಹಿಂದೆ ಬರೀ ತೂತುತೂತಿನ ರಟ್ಟು. ಗಿಟಾರ್ ಪೆಟ್ಟಿಗೆಯನ್ನೂ ಹಿಂದೆ ತೆರೆದಿಡಬಹುದು, ಮುಚ್ಚಬಹುದು, ಅರ್ಧ ಮುಚ್ಚಬಹುದು. ಸ್ಪೀಕರ್ ಮುಂದೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತದೆ. ಹಿಂದೆ ತೆರೆದಿದ್ದರೆ ತಗ್ಗಿನ ಸ್ವರಗಳು ಪೆಟ್ಟಿಗೆಯನ್ನು ಬಳಸಿ ಮುಂದೆ ಬಂದು ಒಂದನ್ನೊಂದು ನುಂಗಿಕೊಳ್ಳುತ್ತವೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಅದರ ಅಲೆ 4 ಮೀಟರಿಗಿಂತ ಉದ್ದ. ಅದಕ್ಕೆ 20 ಇಂಚಿನ ಪೆಟ್ಟಿಗೆ ಯಾವ ಅಡ್ಡಿ?

ಇದನ್ನು ಓದಿ ತಿಳಿದುಕೊಂಡರೂ ಸಾಲದು, ಕೇಳಿಯೇ ನೋಡಬೇಕು. ಅದಕ್ಕೇ ಹಿಂಬದಿಯನ್ನು ಮೂರು ಹಲಗೆಯಾಗಿ ಮಾಡಿ ಸ್ಕ್ರೂನಲ್ಲಿ ಕೂರಿಸಿದ್ದೆ. ಮೇಲೆ 5 ಇಂಚು, ಕೆಳಗೆ 5 ಇಂಚು, ನಡುವೆ ಆರೂವರೆ. ಮೂರೂ ಹಾಕಿದಾಗ ತಗ್ಗಿನ ಸ್ವರ ಗುದ್ದಿದ ಹಾಗೆ ಬಂತು. ಆದರೆ ಸ್ಪೀಕರಿನ ಎದುರು ನಿಂತವರಿಗೆ ಮಾತ್ರ, ಪಕ್ಕಕ್ಕೆ ಸರಿದರೆ ಸದ್ದು ಮಂಕು. ಮೂರೂ ತೆಗೆದರೆ ದನಿ ಕೋಣೆ ತುಂಬಾ ಹರಡಿತು, ದಪ್ಪ ತಂತಿ ಮಾತ್ರ ಸಡಿಲ. ನಡುವಿನದನ್ನು ಬಿಟ್ಟು ಮೇಲೆ-ಕೆಳಗಿನವನ್ನು ಹಾಕಿದಾಗ ಮೋಹನ ರಾಗದಲ್ಲಿ ನಿಧಾನಕ್ಕೆ ಒಂದು ಜಾರು ಎಳೆದೆ. ಜಾರು ಮುಗಿದ ಮೇಲೂ ಸ್ವರ ಕೋಣೆಯಲ್ಲಿ ನಿಂತಿತ್ತು. ಇದೇ ಅಂತ ಅಲ್ಲೇ ಗೊತ್ತಾಯಿತು. ಹೀಗೆ ತೆರೆದಿಟ್ಟರೆ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಬಾರದು. ನಾನು ಒಂದೂವರೆ ಅಡಿ ಬಿಟ್ಟಿದ್ದೇನೆ.

ಎರಡು ದಿನ ಬಿಟ್ಟು ಒಂದು ಗುಂಯ್ ಶುರುವಾಯಿತು. ದಪ್ಪ ತಂತಿಯ ಮೂರನೇ ಮೆಟ್ಟಿಲಲ್ಲಿ ಮಾತ್ರ. ಸ್ಪೀಕರೇ ಹರಿದಿದೆ ಅಂತ ಎದೆ ಹೊಡೆದುಕೊಂಡಿತು. ಮಗಳನ್ನು ಕರೆದು, “ಇದೊಂದೇ ಸ್ವರ ಮೀಟ್ತಾ ಇರು ಪುಟ್ಟಾ” ಅಂತ ಗಿಟಾರ್ ಕೊಟ್ಟು, ನಾನು ಪೆಟ್ಟಿಗೆಯ ಒಂದೊಂದು ಜಾಗವನ್ನೂ ಬೆರಳಲ್ಲಿ ಒತ್ತುತ್ತಾ ಬಂದೆ. ಹಿಡಿ ಅಲ್ಲ. ಬಟ್ಟೆಯ ಚೌಕಟ್ಟು ಅಲ್ಲ. ಹಿಂದಿನ ಕೆಳಹಲಗೆಯ ಎಡಮೂಲೆ ಒತ್ತಿದಾಗ ಸದ್ದು ತಟ್ಟನೆ ನಿಂತಿತು. ಅಲ್ಲಿ ಹಲಗೆಗೂ ರೀಪರಿಗೂ ನಡುವೆ ಕಾಗದ ತೂರುವಷ್ಟು ಸಂದಿ ಇತ್ತು. ಬಾಗಿಲಿಗೆ ಅಂಟಿಸುವ ಫೋಮ್ ಟೇಪನ್ನು ಸುತ್ತಲೂ ಹಾಕಿ ಮತ್ತೆ ಬಿಗಿದೆ. ಸದ್ದು ಹೋಯಿತು.

ನಡುವಿನ ಹಲಗೆಯನ್ನು ಬಿಸಾಡಿಲ್ಲ. ಅದರ ನಾಲ್ಕು ಸ್ಕ್ರೂಗಳನ್ನೂ ಅದಕ್ಕೇ ಟೇಪ್ ಹಾಕಿ ಅಂಟಿಸಿ ಬೀರುವಿನ ಹಿಂದೆ ನಿಲ್ಲಿಸಿದ್ದೇನೆ. ಮುಂದಿನ ತಿಂಗಳು ಗೆಳೆಯರ ಜೊತೆ ಬಯಲಿನಲ್ಲಿ ನುಡಿಸುವುದಿದೆ. ಸದ್ದನ್ನು ವಾಪಸ್ ಕೊಡಲು ಅಲ್ಲಿ ಗೋಡೆ ಇರುವುದಿಲ್ಲವಲ್ಲ, ಮೂರನ್ನೂ ಹಾಕಿ ನೋಡಬೇಕು.