ನಾಲ್ಕು ದಿನ ನೇರವಾಗಿ ಇಳಿದ ಗೆರೆ: ಪೈಥಾನ್‌ನಲ್ಲಿ ಟೈಮ್ ಗ್ರಾಫ್ ಮಾಡಿದ ನನ್ನ ಅನುಭವ

ನನ್ನ ಕೋಣೆಯಲ್ಲಿ ಒಂದು ಪುಟ್ಟ ಸೆನ್ಸರ್ ಇದೆ. ಹತ್ತು ನಿಮಿಷಕ್ಕೊಮ್ಮೆ ಉಷ್ಣಾಂಶ ಅಳೆದು ಸಿಎಸ್‌ವಿ ಫೈಲಿಗೆ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯ ಫೈಲು) ಒಂದು ಸಾಲು ಬರೆಯುತ್ತದೆ. 2022ರ ಏಪ್ರಿಲ್‌ನಿಂದ ಜುಲೈವರೆಗೆ ಸುಮಾರು 17,000 ಸಾಲು ಸೇರಿತ್ತು. ಇದನ್ನು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಮಾಡೋಣ ಅಂತ ಒಂದು ಸಂಜೆ ಕೂತೆ. ಎರಡು ಕಾಲಂ, ಒಂದು ಗೆರೆ, ಬೇಗ ಮುಗಿಯುತ್ತೆ ಅಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು. ಅಷ್ಟರಲ್ಲಿ ಗೆರೆ ಎಳೆಯುವ ಕೋಡ್ ಹೆಚ್ಚೇನೂ ಬದಲಾಗಲಿಲ್ಲ. ಬದಲಾಗಿದ್ದೆಲ್ಲ ತಾರೀಖಿನ ಕಾಲಂ.

ಫೈಲನ್ನು ಪಾಂಡಾಸ್‌ನಲ್ಲಿ (ಕೋಷ್ಟಕದ ಡೇಟಾ ನಿಭಾಯಿಸುವ ಪೈಥಾನ್ ಲೈಬ್ರರಿ) ಓದಿ, ಎರಡೂ ಕಾಲಂಗಳನ್ನು ಹಾಗೇ ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಟ್ಟೆ. ತುಂಬಾ ಹೊತ್ತು ಕಾದ ಮೇಲೆ ಚಿತ್ರ ಬಂತು. ಕೆಳಗಿನ ಅಕ್ಷದ ಉದ್ದಕ್ಕೂ ಒಂದು ದಪ್ಪ ಕಪ್ಪು ಪಟ್ಟಿ. ದೊಡ್ಡದು ಮಾಡಿ ನೋಡಿದರೆ ಅದು 17,000 ತಾರೀಖುಗಳು ಒಂದರ ಮೇಲೊಂದು ಬಿದ್ದಿದ್ದು. ಕಾರಣ ಸರಳ. ಫೈಲಿನಿಂದ ಓದಿದ ತಾರೀಖು ನಮ್ಮ ಕಣ್ಣಿಗೆ ತಾರೀಖು, ಕಂಪ್ಯೂಟರಿಗೆ ಬರೀ ಅಕ್ಷರ. ಅಕ್ಷರ ಕೊಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ಪ್ರತಿಯೊಂದನ್ನೂ ಬೇರೆ ಬೇರೆ ಹೆಸರು ಅಂತ ತಿಳಿದು, ಸಮ ಅಂತರದಲ್ಲಿ ಜೋಡಿಸಿ, ಎಲ್ಲದರ ಕೆಳಗೂ ಲೇಬಲ್ ಹಾಕುತ್ತದೆ. ಎರಡು ಅಳತೆಗಳ ನಡುವೆ ಹತ್ತು ನಿಮಿಷ ಕಳೆದಿರಲಿ, ಹತ್ತು ದಿನ ಕಳೆದಿರಲಿ, ಅದಕ್ಕೆ ಎರಡೂ ಒಂದೇ.

ಅಕ್ಷರವನ್ನು ನಿಜವಾದ ತಾರೀಖಾಗಿ ಬದಲಿಸಲು ಪಾಂಡಾಸ್‌ನಲ್ಲಿ ಟು-ಡೇಟ್‌ಟೈಮ್ ಅನ್ನೋ ಫಂಕ್ಷನ್ ಇದೆ. ಅದಕ್ಕೆ ಕಾಲಂ ಕೊಟ್ಟೆ. ಕಪ್ಪು ಪಟ್ಟಿ ಹೋಯಿತು, ತಿಂಗಳುಗಳು ನೀಟಾಗಿ ಬಂದವು. ಆದರೆ ಗ್ರಾಫ್ ಜನವರಿಯಿಂದ ಡಿಸೆಂಬರ್‌ವರೆಗೆ ಹರಡಿಕೊಂಡಿತ್ತು! ನಾನು ಅಳೆಯಲು ಶುರು ಮಾಡಿದ್ದೇ ಏಪ್ರಿಲ್‌ನಲ್ಲಿ. ಗೆರೆಯೂ ಹಿಂದಕ್ಕೂ ಮುಂದಕ್ಕೂ ಓಡಾಡಿ ಜೇಡರ ಬಲೆಯಾಗಿತ್ತು.

ಒಂದು ಸಾಲನ್ನು ಹಿಡಿದು ನೋಡಿದಾಗ ಅರ್ಥವಾಯಿತು. ಫೈಲಿನಲ್ಲಿ 03/04/2022 ಅಂತ ಇತ್ತು. ನನಗದು ಏಪ್ರಿಲ್ 3. ಪಾಂಡಾಸ್ ತಿಂಗಳನ್ನು ಮೊದಲು ಓದಿ ಮಾರ್ಚ್ 4 ಮಾಡಿತ್ತು. 13/04/2022 ಮಾತ್ರ ಸರಿಯಾಗಿ ಏಪ್ರಿಲ್ 13 ಆಗಿತ್ತು, ಯಾಕೆಂದರೆ ಹದಿಮೂರನೇ ತಿಂಗಳು ಇಲ್ಲ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ವರ್ಷವಿಡೀ ಚದುರಿಹೋಗಿದ್ದವು, ಉಳಿದ ದಿನಗಳು ಅವುಗಳ ಜಾಗದಲ್ಲೇ ಇದ್ದವು. 2023ರಲ್ಲಿ ಬಂದ ಪಾಂಡಾಸ್ 2.0 ಮೊದಲ ಸಾಲು ನೋಡಿ ಒಂದು ಮಾದರಿ ನಿರ್ಧರಿಸಿ, ಅದಕ್ಕೆ ಹೊಂದದ ಸಾಲು ಸಿಕ್ಕರೆ ಎರರ್ ಕೊಡುತ್ತದೆ. ನಾನು ಬಳಸುತ್ತಿದ್ದ ಹಳೆಯ ಆವೃತ್ತಿ ಕೆಲಸ ನಿಲ್ಲಿಸದೆ ಸಾಲಿಗೊಂದು ಅರ್ಥ ಮಾಡಿಕೊಂಡು ಮುಂದೆ ಹೋಗಿತ್ತು. ಅಂದಿನಿಂದ ನಾನು ಯಾವ ಆವೃತ್ತಿಯಲ್ಲೂ ಊಹೆಗೆ ಬಿಡುವುದಿಲ್ಲ. ದಿನ, ತಿಂಗಳು, ವರ್ಷ ಯಾವ ಕ್ರಮದಲ್ಲಿದೆ ಅಂತ ಫಾರ್ಮ್ಯಾಟ್‌ನಲ್ಲಿ ಬರೆದೇ ಕೊಡುತ್ತೇನೆ. ಆಮೇಲೆ ಆ ಕಾಲಂನ್ನು ಇಂಡೆಕ್ಸ್ ಮಾಡಿ (ಅಂದರೆ ಸಾಲುಗಳನ್ನು ಗುರುತಿಸುವ ಕಾಲಂ ಮಾಡಿ), ಸಾರ್ಟ್ ಮಾಡಿ, ಮೊದಲ ತಾರೀಖು ಮತ್ತು ಕೊನೆಯ ತಾರೀಖನ್ನು ಪ್ರಿಂಟ್ ಮಾಡಿ ನೋಡುತ್ತೇನೆ. ಗ್ರಾಫ್ ಅದಾದ ಮೇಲೆ.

(ತಾರೀಖಿನ ಬದಲು ಉದ್ದ ಸಂಖ್ಯೆ ಇರುವ ಫೈಲುಗಳೂ ಸಿಗುತ್ತವೆ. ಅದು 1970ರ ಜನವರಿ 1ರಿಂದ ಎಣಿಸಿದ ಹೊತ್ತು. ಈಗಿನ ಕಾಲದ ಡೇಟಾ ಆದರೆ ಹತ್ತು ಅಂಕಿ ಇದ್ದರೆ ಸೆಕೆಂಡು, ಹದಿಮೂರು ಇದ್ದರೆ ಮಿಲಿಸೆಕೆಂಡು. ಯುನಿಟ್ ಹೇಳದಿದ್ದರೆ ಪಾಂಡಾಸ್ ನ್ಯಾನೋಸೆಕೆಂಡು ಅಂದುಕೊಳ್ಳುತ್ತದೆ, ಇಡೀ ಗ್ರಾಫ್ 1970ರಲ್ಲಿ ಹೋಗಿ ಕೂರುತ್ತದೆ.)

ಮೂರನೇ ಸಂಜೆ ಗ್ರಾಫ್ ಚೆನ್ನಾಗಿ ಕಾಣುತ್ತಿತ್ತು. ಸ್ನೇಹಿತನಿಗೆ ತೋರಿಸಿದೆ. ಜೂನ್ ಮಧ್ಯದಲ್ಲಿ ಗೆರೆ ನಿಧಾನಕ್ಕೆ ಇಳಿದಿತ್ತು. ‘ನೋಡು, ಇಲ್ಲಿ ನಾಲ್ಕು ದಿನ ಹೇಗೆ ತಣ್ಣಗಾಗ್ತಾ ಬಂದಿದೆ’ ಅಂದೆ. ಅವನು ಸ್ವಲ್ಪ ಹೊತ್ತು ನೋಡಿ, ‘ಆ ನಾಲ್ಕು ದಿನ ರಾತ್ರಿ ಆಗಲೇ ಇಲ್ವಾ?’ ಅಂತ ಕೇಳಿದ.

ಹತ್ತಿರದಿಂದ ನೋಡಿದೆ. ಬೇರೆಲ್ಲ ಕಡೆ ಗೆರೆ ಹಗಲು ಏರಿ ರಾತ್ರಿ ಇಳಿಯುತ್ತಿತ್ತು, ದಿನಕ್ಕೊಂದು ಅಲೆ. ಆ ನಾಲ್ಕು ದಿನ ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಸೆನ್ಸರಿನ ಬ್ಯಾಟರಿ ಮುಗಿದಿತ್ತು. ಆ ದಿನಗಳ ಒಂದು ಸಾಲೂ ಫೈಲಿನಲ್ಲಿರಲಿಲ್ಲ. ಕೊನೆಯ ಬಿಂದುವಿನಿಂದ ಮುಂದಿನ ಬಿಂದುವಿಗೆ ಗ್ರಾಫ್ ಗೆರೆ ಎಳೆದಿತ್ತು, ನಾನು ಅದಕ್ಕೊಂದು ಕಥೆ ಕಟ್ಟಿದ್ದೆ. ಉಳಿದ ತಪ್ಪುಗಳೆಲ್ಲ ಕಣ್ಣಿಗೆ ಹೊಡೆಯುತ್ತಿದ್ದವು. ಇದು ಚೆಂದವಾಗಿ ಕಾಣುತ್ತಿತ್ತು, ನನಗೆ ಭಯ ಹುಟ್ಟಿಸಿದ್ದು ಅದೇ.

ಈಗ ಗೆರೆ ಎಳೆಯುವ ಮೊದಲು ಇಂಡೆಕ್ಸ್‌ನ ಪಕ್ಕಪಕ್ಕದ ಸಮಯಗಳ ವ್ಯತ್ಯಾಸ ತೆಗೆಯುತ್ತೇನೆ. ಡಿಫ್ ಅಂದರೆ ಸಾಕು, ಒಂದು ಸಾಲಿನ ಕೆಲಸ. ಎಲ್ಲ ಕಡೆ ಹತ್ತು ನಿಮಿಷ ಬರಬೇಕು. ಜಾಸ್ತಿ ಬಂದ ಕಡೆ ಡೇಟಾ ಇಲ್ಲ ಅಂತ ಅರ್ಥ. ಆಮೇಲೆ ರೀಸ್ಯಾಂಪಲ್ ಬಳಸಿ ಹತ್ತು ನಿಮಿಷಕ್ಕೊಂದು ಮನೆ ಮಾಡಿ ಸರಾಸರಿ ತೆಗೆಯುತ್ತೇನೆ. ಅಳತೆ ಇಲ್ಲದ ಮನೆ ಖಾಲಿ ಉಳಿಯುತ್ತದೆ, ಅಲ್ಲಿ ಗೆರೆ ತಾನೇ ಕಡಿಯುತ್ತದೆ. ಒಂದು ಎಚ್ಚರಿಕೆ: ಸರಾಸರಿಯ ಬದಲು ಮೊತ್ತ ತೆಗೆದರೆ ಖಾಲಿ ಮನೆಗೆ ಸೊನ್ನೆ ಬೀಳುತ್ತದೆ. ಮಳೆ ಅಳೆಯುವವರಿಗೆ ‘ಮಳೆ ಬರಲಿಲ್ಲ’ ಮತ್ತು ‘ಅಳೆಯಲಿಲ್ಲ’ ಎರಡೂ ಒಂದೇ ಆಗಿಬಿಡುತ್ತದೆ. ಮಿನ್-ಕೌಂಟ್ 1 ಅಂತ ಕೊಟ್ಟರೆ ಖಾಲಿ ಖಾಲಿಯಾಗೇ ಇರುತ್ತದೆ.

ಹಗಲು ರಾತ್ರಿಯ ಏರಿಳಿತ ಬೇಡ, ತಿಂಗಳುಗಳ ಜಾಡು ಮಾತ್ರ ಬೇಕು ಅಂದಾಗ ರೋಲಿಂಗ್ ಸರಾಸರಿ, ಅಂದರೆ ಪ್ರತಿ ಬಿಂದುವಿನಲ್ಲೂ ಅದರ ಹಿಂದಿನ ಒಂದಿಷ್ಟು ಅಳತೆಗಳ ಸರಾಸರಿ, ಹಾಕುತ್ತೇನೆ. ಅದರಲ್ಲಿ ಬರೀ 7 ಅಂದರೆ ಏಳು ಸಾಲು, 7ರ ಜೊತೆ ಡಿ ಸೇರಿಸಿದರೆ ಏಳು ದಿನ. ಈ ಸರಾಸರಿ ಹಿಂದಿನ ದಿನಗಳನ್ನಷ್ಟೇ ನೋಡುವುದರಿಂದ ಗೆರೆ ಸ್ವಲ್ಪ ತಡವಾಗಿ ತಿರುಗುತ್ತದೆ. ಹಾಗಾಗಿ ಅಸಲಿ ಗೆರೆಯನ್ನು ತೆಳು ಬಣ್ಣದಲ್ಲಿ ಹಿಂದೆ ಉಳಿಸಿಕೊಳ್ಳುತ್ತೇನೆ. ಬರೀ ನಯವಾದ ಗೆರೆ ತೋರಿಸುವುದು ನನಗೆ ಸರಿ ಅನಿಸುವುದಿಲ್ಲ.

ಟೈಮ್‌ಝೋನ್ ತೊಂದರೆ ಕಂಡಿದ್ದು ಆ ದಿನದ ಅಲೆಯಿಂದಲೇ. ಮಧ್ಯಾಹ್ನ ಬರಬೇಕಾದ ಏರು ಬೆಳಿಗ್ಗೆಯೇ ಬರುತ್ತಿತ್ತು. ಸೆನ್ಸರ್ ಬರೆಯುತ್ತಿದ್ದುದು ಯುಟಿಸಿ ಸಮಯ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಮೊದಲು ಟಿಝೆಡ್-ಲೋಕಲೈಸ್‌ನಿಂದ ‘ಇದು ಯುಟಿಸಿ’ ಅಂತ ಹೇಳಬೇಕು, ಆಮೇಲೆ ಟಿಝೆಡ್-ಕನ್ವರ್ಟ್‌ನಿಂದ ನಮ್ಮ ಸಮಯಕ್ಕೆ ತರಬೇಕು. ಅಕ್ಷಕ್ಕೆ ನಾವೇ ಡೇಟ್ ಫಾರ್ಮ್ಯಾಟರ್ (ತಾರೀಖಿನ ಲೇಬಲ್ ಹೇಗೆ ಬರೆಯಬೇಕು ಅಂತ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಹೇಳುವ ಸಾಧನ) ಹಾಕಿದರೆ ಅದಕ್ಕೂ ಟೈಮ್‌ಝೋನ್ ಕೊಡಬೇಕು, ಇಲ್ಲದಿದ್ದರೆ ಲೇಬಲ್ ಮತ್ತೆ ಯುಟಿಸಿಗೇ ಹೋಗುತ್ತದೆ. ಇದು ಗೊತ್ತಿಲ್ಲದೆ ಒಂದಿಡೀ ಗಂಟೆ ಹುಡುಕಿದ್ದೇನೆ.

ಲೇಬಲ್‌ಗಳಿಗೆ ಈಗ ಕನ್ಸೈಸ್ ಡೇಟ್ ಫಾರ್ಮ್ಯಾಟರ್ ಸಾಕು. ವರ್ಷವನ್ನು ಪ್ರತಿ ಗುರುತಿನ ಕೆಳಗೂ ಬರೆಯದೆ ಒಂದೇ ಕಡೆ ಬರೆಯುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಶುರು ಮಾಡಿದ ಜಾನ್ ಹಂಟರ್ ನರವಿಜ್ಞಾನಿ. ಮಿದುಳಿನ ವಿದ್ಯುತ್ ಸಂಕೇತಗಳನ್ನು, ಅಂದರೆ ಸಮಯದ ಜೊತೆ ಬದಲಾಗುವ ಡೇಟಾವನ್ನೇ, ನೋಡಲು ಅವರಿಗೆ ಒಂದು ಸಾಧನ ಬೇಕಿತ್ತು. ಇದು ತಿಳಿದ ಮೇಲೆ ಈ ಲೈಬ್ರರಿಯ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು.

ಆ ಜೂನ್ ಗ್ರಾಫ್ ಈಗಲೂ ಇಟ್ಟುಕೊಂಡಿದ್ದೇನೆ. ಗೆರೆ ಕಡಿದ ಜಾಗದಲ್ಲಿ ತೆಳು ಬೂದು ಪಟ್ಟಿ ಬಳಿದು, ಮೇಲೆ ‘ಬ್ಯಾಟರಿ ಮುಗಿದಿತ್ತು’ ಅಂತ ಬರೆದಿದ್ದೇನೆ. ನೋಡಿದವರು ಮೊದಲು ಕೇಳುವುದೇ ಅದರ ಬಗ್ಗೆ.