ಕಾರು ಎರಡು ಬೆರಳು ಇಳಿಸುವುದು ಹೇಗೆ?

ಗಿಡ್ಡ ಸ್ಪ್ರಿಂಗ್ ಹಾಕಿ ಕಾರಿನ ಬಾಡಿಯನ್ನು ನೆಲಕ್ಕೆ ಸ್ವಲ್ಪ ಹತ್ತಿರ ತರುವುದನ್ನೇ ಕಾರು ಇಳಿಸುವುದು ಅನ್ನುತ್ತಾರೆ. ಹಾಗೆ ಇಳಿಸಿದ ಮೇಲೆ "ಇದಕ್ಕಿಂತ ಮೊದಲೇ ಚೆನ್ನಾಗಿತ್ತು" ಎಂದು ಕೈ ಕೈ ಹಿಸುಕಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಹೊಸ ಸ್ಪ್ರಿಂಗ್ ಹಾಕಿರುತ್ತಾರೆ. ನೋಡಲು ಚೆಂದವಿರುತ್ತದೆ. ಆದರೆ ಸಣ್ಣ ಗುಂಡಿಗೂ ದಢ್ ಎನ್ನುತ್ತದೆ, ತಿರುವಿನಲ್ಲಿ ಮೊದಲಿನಷ್ಟೇ ವಾಲುತ್ತದೆ, ಕೆಲವೇ ತಿಂಗಳಲ್ಲಿ ಟೈರಿನ ಒಳ ಅಂಚು ಬೋಳಾಗುತ್ತದೆ. ಎಲ್ಲರೂ ಸ್ಪ್ರಿಂಗನ್ನೇ ಬೈಯುತ್ತಾರೆ. ಕಾರಿನಡಿ ಮಲಗಿ ನೋಡಿದರೆ ಸ್ಪ್ರಿಂಗ್ ಸರಿಯಾಗೇ ಇರುತ್ತದೆ, ಹರಿದಿರುವುದು ರಬ್ಬರ್ ಬುಷ್, ಅಂದರೆ ಚಕ್ರ ಹಿಡಿದ ತೋಳು ಚಾಸಿಗೆ ಸೇರುವ ಕಡೆ ಇರುವ ರಬ್ಬರ್ ತುಂಡು. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಬೋಲ್ಟ್ ಬಿಗಿ ಮಾಡಿ ಮುಗಿಸಿರುತ್ತಾರೆ. ಈ ಒಂದು ವಿಷಯವನ್ನು ಬಿಡಿಸಿ ಹೇಳಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ

1,000 ಕೆ.ಜಿ. ತೂಕದ ಒಂದು ಕಾರು ಎಂದಿಟ್ಟುಕೊಳ್ಳಿ. ಅದರ ಗುರುತ್ವ ಕೇಂದ್ರ ನೆಲದಿಂದ 550 ಮಿ.ಮೀ. ಎತ್ತರದಲ್ಲಿದೆ. ಎಡ ಬಲ ಚಕ್ರಗಳ ನಡುವೆ 1,450 ಮಿ.ಮೀ. ಅಂತರವಿದೆ. ಜೋರಾಗಿ ತಿರುಗಿಸಿದಾಗ, ಅಂದರೆ ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕದ 0.7 ಪಟ್ಟು ಇದ್ದಾಗ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸುಮಾರು 265 ಕೆ.ಜಿ. ಭಾರ ಸರಿಯುತ್ತದೆ. ಕಾರನ್ನು 30 ಮಿ.ಮೀ. ಇಳಿಸಿದರೆ ಅದು ಸುಮಾರು 251 ಕೆ.ಜಿ. ಆಗುತ್ತದೆ. ವ್ಯತ್ಯಾಸ ಬರೀ 14 ಕೆ.ಜಿ.

ಹಾಗಾಗಿ ಬರೀ ಇಳಿಸಿದ್ದರಿಂದಲೇ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾರಿನ ಹಿಡಿತ ಬದಲಾಗುವುದು ಟೈರು, ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ), ಗಟ್ಟಿ ಸ್ಪ್ರಿಂಗ್ ಮತ್ತು ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಎಲ್ಲವೂ ಸೇರಿದಾಗ. ಕೈಯಲ್ಲಿ ಕಡಿಮೆ ದುಡ್ಡಿದ್ದರೆ ಮೊದಲು ಟೈರಿಗೆ ಹಾಕಿ. ಇದರಲ್ಲಿ ಎರಡನೇ ಮಾತಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದ ಟೈರು. ಹಳೆಯದಾಗಿ ಕಲ್ಲಿನಂತಾದ ಟೈರಿನ ಮೇಲೆ ಹೊಸ ಸ್ಪ್ರಿಂಗ್ ಕೂರಿಸಿದರೆ ಏನೂ ಸಿಗುವುದಿಲ್ಲ.

ಎಣ್ಣೆ ಸೋರುವ ಶಾಕ್, ಸಡಿಲ ಬಾಲ್ ಜಾಯಿಂಟ್ (ಚಕ್ರದ ಕಡೆಯ ಗುಂಡು ಕೀಲು), ಬಿರುಕು ಬಿಟ್ಟ ಬುಷ್ ಇದ್ದರೆ ಅವನ್ನೂ ಈಗಲೇ ಬದಲಾಯಿಸಿ. ಹೇಗಿದ್ದರೂ ಎಲ್ಲ ಬಿಚ್ಚುತ್ತೀರಿ, ಅಲ್ವಾ? ನಿಮ್ಮಲ್ಲಿ ಕಾರು ಇಳಿಸಲು ನಿಯಮ ಏನಿದೆ, ವಿಮೆಯವರು ಒಪ್ಪುತ್ತಾರಾ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ವಿಚಾರಿಸಿಕೊಳ್ಳಿ.

ಎಷ್ಟು ಇಳಿಸಬೇಕು?

25ರಿಂದ 35 ಮಿ.ಮೀ. ಎರಡು ಬೆರಳಿನ ದಪ್ಪ. ಅದಕ್ಕಿಂತ ಜಾಸ್ತಿ ಬೇಡ.

ಕಾರಣ ಇದೆ. ಹೆಚ್ಚಿನ ಸಣ್ಣ ಕಾರುಗಳ ಮುಂದಿನ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಇರುವ ಕಂಬ, ಇರುತ್ತದೆ. ಚಾಸಿಯಿಂದ ಚಕ್ರಕ್ಕೆ ಹೋಗುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್, ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಕಾರು ಇಳಿಸಿದಂತೆ ಅದು ಮಟ್ಟವಾಗುತ್ತದೆ. ಇನ್ನೂ ಇಳಿಸಿದರೆ ಹೊರ ತುದಿ ಮೇಲಾಗಿ, ಒಳ ತುದಿ ಕೆಳಗಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಆಗ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರ ಹೆಚ್ಚಿತು ಅಂದರೆ ಕಾರನ್ನು ವಾಲಿಸುವ ಸನ್ನೆಗೋಲು ಉದ್ದವಾಯಿತು. ನೆಲಕ್ಕೆ ತಾಗುವಷ್ಟು ಇಳಿಸಿದ ಕಾರು ತಿರುವಿನಲ್ಲಿ ಒದ್ದಾಡುವುದು ಇದೇ ಕಾರಣಕ್ಕೆ. ಆರ್ಮ್ ಮಟ್ಟವಾಗುವುದು ನಿಮ್ಮ ಗಡಿ. ಅಲ್ಲಿಗೆ ನಿಲ್ಲಿಸಿ.

ಯಾವ ಸ್ಪ್ರಿಂಗ್?

ನಿಮ್ಮದೇ ಮಾಡೆಲ್ಲಿಗೆ ಅಂತ ತಯಾರಾದ ಗಿಡ್ಡ ಸ್ಪ್ರಿಂಗ್ ಸೆಟ್ ಕೊಳ್ಳಿ. ಅದೂ ಆಗದಿದ್ದರೆ ಗುಜರಿಯಲ್ಲಿ ಹುಡುಕಿ. ಅದೇ ಕಾರಿಗೆ ಕಂಪನಿಯವರೇ ಸ್ಪೋರ್ಟ್ ಆವೃತ್ತಿ ಮಾಡಿದ್ದರೆ ಅದರ ಸ್ಪ್ರಿಂಗ್ ಗಿಡ್ಡವಿರುವುದುಂಟು, ಆಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಗ್ಗಿಸುವ ಕಂಬಿ) ದಪ್ಪವಿರುವುದುಂಟು. ತುಕ್ಕು, ಬಿರುಕು ಇಲ್ಲದ ಹಳೆಯ ಸ್ಪ್ರಿಂಗ್ ಹಾಕಬಹುದು. ಹಳೆಯ ಶಾಕ್ ಮಾತ್ರ ಯಾವತ್ತೂ ಬೇಡ.

ಗ್ಯಾಸ್ ಕಟರ್‌ನಿಂದ ಸ್ಪ್ರಿಂಗ್ ಕಾಯಿಸಿ ಕುಗ್ಗಿಸುವವರ ಹತ್ತಿರ ಹೋಗಲೇಬೇಡಿ. ಕಾದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ. ಆಮೇಲೆ ಅದು ಕುಸಿಯುತ್ತಲೇ ಇರುತ್ತದೆ, ಒಂದು ದಿನ ಮುರಿಯಲೂಬಹುದು. ಸುತ್ತು ಕತ್ತರಿಸುವುದೂ ನನಗೆ ಒಪ್ಪಿಗೆಯಿಲ್ಲ. ಕತ್ತರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ನಿಜ. ಕೆಲಸ ಮಾಡುವ 6 ಸುತ್ತಿನಲ್ಲಿ 1 ತೆಗೆದರೆ ಶೇ 20ರಷ್ಟು ಗಟ್ಟಿ. ಆದರೆ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಸುತ್ತುಗಳನ್ನು ಒತ್ತಿ ಹಿಡಿಯುವ ಕ್ಲಾಂಪು, ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರು, ಹೆಸರೇ ಕೇಳಿರದ ಅಗ್ಗದ ಕಾಯಿಲೋವರು (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಶಾಕ್ ಸೆಟ್) ಇವೆಲ್ಲ ಸುಮ್ನೆ ದುಡ್ಡು ದಂಡ.

ಬಿಚ್ಚುವುದು

ಸ್ಪ್ರಿಂಗ್ ಬಿಚ್ಚುವ ಮುಂಚೆ ನಾಲ್ಕೂ ಕಡೆ ಅಳತೆ ಬರೆದಿಡಿ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಡಿಮೆಯಾದಾಗ ಲೆಕ್ಕ ತಪ್ಪುತ್ತದೆ.

ಕಾರು ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಸ್ಟ್ರಟ್ ಮತ್ತು ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಸೇರುವ ಕಡೆ ಪೇಂಟಿನಿಂದ ಗುರುತು ಹಾಕಿ. ಬ್ರೇಕ್ ಕ್ಯಾಲಿಪರ್ ತೆಗೆದರೆ ತಂತಿಯಿಂದ ಕಟ್ಟಿ ನೇತುಹಾಕಿ, ಅದರ ಭಾರ ಬ್ರೇಕ್ ಪೈಪಿನ ಮೇಲೆ ಬೀಳಬಾರದು. ಹಬ್ಬನ್ನು ಹೊರಗೆ ಜಗ್ಗಬೇಡಿ, ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಾದರೆ ಆಕ್ಸಲ್‌ನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ.

ಸ್ಟ್ರಟ್‌ನಿಂದ ಸ್ಪ್ರಿಂಗ್ ತೆಗೆಯುವಾಗ ಜೀವದ ಪ್ರಶ್ನೆ ಇದೆ. ಒತ್ತಿದ ಸ್ಪ್ರಿಂಗ್ ಬಿಟ್ಟುಕೊಂಡರೆ ಮೂಳೆ ಮುರಿಯುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ. ಒಂದನ್ನು ಎರಡು ಸುತ್ತು, ಇನ್ನೊಂದನ್ನು ಎರಡು ಸುತ್ತು, ಹೀಗೆ ಸಮನಾಗಿ ಕೈ ಪಾನಾದಲ್ಲೇ ಬಿಗಿ ಮಾಡಿ. ಗಾಳಿ ಗನ್ ಬೇಡ. ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಕೈಯಿಂದ ಅಲುಗಾಡುವಷ್ಟು ಸಡಿಲವಾದ ಮೇಲೆ ಮಾತ್ರ ಮೇಲಿನ ನಟ್ ಮುಟ್ಟಿ. ನಿಮ್ಮ ಮುಖ ಸ್ಟ್ರಟ್‌ನ ತುದಿಯ ನೇರಕ್ಕೆ ಇರಬಾರದು. ಇದಕ್ಕೆ ಕೈ ನಡುಗಿದರೆ ಸ್ಟ್ರಟ್ ಬಿಚ್ಚಿ ಗ್ಯಾರೇಜಿಗೆ ಒಯ್ಯಿರಿ. ಅಷ್ಟು ಖರ್ಚು ಮಾಡಬಹುದು.

ಹೊಸ ಸ್ಪ್ರಿಂಗ್ ಕೂರಿಸುವಾಗ ತುದಿ ತಟ್ಟೆಯ ಮೆಟ್ಟಿಲಿಗೆ ತಾಗಿರಲಿ. ಸ್ಪ್ರಿಂಗ್ ತಯಾರಕರು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ಮೆತ್ತೆ) ಇಷ್ಟು ಕತ್ತರಿಸಿ ಎಂದು ಹೇಳಿದ್ದರೆ ಅಷ್ಟೇ ಕತ್ತರಿಸಿ. ಪೂರ್ತಿ ತೆಗೆದು ಬಿಸಾಡಿದರೆ ಶಾಕ್ ಒಳಗೇ ಬಡಿದು ಹಾಳಾಗುತ್ತದೆ.

ಎಲ್ಲರೂ ಎಡವುವ ಜಾಗ: ಬುಷ್ ಬೋಲ್ಟ್

ಈಗ ನಿಧಾನವಾಗಿ ಓದಿ.

ಲೋವರ್ ಆರ್ಮಿನ ರಬ್ಬರ್ ಬುಷ್ ಹೇಗಿರುತ್ತದೆ ನೋಡಿ. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಕಾರಿನ ಚಾಸಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದು ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರ್. ಬಾಗಿಲ ತಿರುಗಣಿಯಂತೆ ಅದು ಜಾರುವುದಿಲ್ಲ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ.

ಅಂದರೆ ನೀವು ಬೋಲ್ಟ್ ಬಿಗಿ ಮಾಡುವಾಗ ಆರ್ಮ್ ಯಾವ ಕೋನದಲ್ಲಿದೆಯೋ, ಅದೇ ರಬ್ಬರಿನ ವಿಶ್ರಾಂತಿಯ ಜಾಗ. ಚಕ್ರ ಜೋತಾಡುವಾಗ ಬಿಗಿ ಮಾಡಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ, ಓಡುವಾಗಲೂ. ಕಾರನ್ನು ಅದು ಮೇಲಕ್ಕೆ ತಳ್ಳುತ್ತಿರುತ್ತದೆ. "ಸ್ಪ್ರಿಂಗ್ ಹಾಕಿದರೂ ಇಳಿಯಲೇ ಇಲ್ಲ" ಎಂದು ಇನ್ನೊಂದು ಸುತ್ತು ಕತ್ತರಿಸಿದವರನ್ನೂ ನೋಡಿದ್ದೇನೆ, ಪಾಪ. ಸ್ವಲ್ಪ ದಿನಕ್ಕೆ ರಬ್ಬರ್ ಹರಿಯುತ್ತದೆ, ಕಾರು ಇನ್ನೂ ಇಳಿಯುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ.

ಇನ್ನೊಂದು ಮಾತು, ಇದನ್ನು ಅನುಭವ ಇದ್ದವರೂ ಮರೆಯುತ್ತಾರೆ. ನೀವು ಬಿಚ್ಚದೇ ಇದ್ದ ಬುಷ್‌ಗಳೂ ಹಳೆಯ ಎತ್ತರಕ್ಕೆ ಬಿಗಿಯಾಗಿವೆ. ಕಾರು ಇಳಿದ ಮೇಲೆ ಅವೂ ತಿರುಚಿಕೊಳ್ಳುತ್ತವೆ. ಆದ್ದರಿಂದ ಲೋವರ್ ಆರ್ಮಿನ ಒಳಗಿನ ಬೋಲ್ಟ್, ಹಿಂದಿನ ಆಕ್ಸಲ್ ಬೀಮಿನ ಮುಂದಿನ ಬೋಲ್ಟ್ ಎಲ್ಲವನ್ನೂ ಒಮ್ಮೆ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು.

ಮಾಡುವ ರೀತಿ ಹೀಗೆ. ಬುಷ್ ಬೋಲ್ಟ್‌ಗಳೆಲ್ಲ ತಮ್ಮ ಜಾಗದಲ್ಲಿರಲಿ, ನಟ್ ಪೂರ್ತಿ ಹತ್ತಿರಲಿ, ಆದರೆ ಬಿಗಿ ಬೇಡ. ಸ್ಟ್ರಟ್ ಮತ್ತು ಹಬ್ ನಡುವಿನ ಬೋಲ್ಟ್, ಬಾಲ್ ಜಾಯಿಂಟ್ ನಟ್, ಸ್ಟ್ರಟ್‌ನ ಮೇಲಿನ ನಟ್ ಇವನ್ನು ಈಗಲೇ ಪೂರ್ತಿ ಬಿಗಿ ಮಾಡಬಹುದು. ಚಕ್ರ ಹಾಕಿ ಕಾರನ್ನು ನೆಲಕ್ಕೆ ಇಳಿಸಿ. ಇಳಿಸಿದ ಕೂಡಲೇ ಅಳೆಯಬೇಡಿ. ಟೈರು ನೆಲವನ್ನು ಹಿಡಿದುಕೊಂಡಿರುವುದರಿಂದ ಕಾರು ಮೇಲೇ ನಿಂತಿರುತ್ತದೆ. ಕೈಯಿಂದ ಎರಡು ಮೀಟರ್ ಹಿಂದೆ ಮುಂದೆ ತಳ್ಳಿ, ನಾಲ್ಕು ಮೂಲೆ ಅದುಮಿ. ಈಗ ಅಳೆಯಿರಿ. ಇದು ನಿಮ್ಮ ಹೊಸ ಎತ್ತರ.

ನಂತರ ಮತ್ತೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ತೆಗೆಯಿರಿ. ಬಾಲ್ ಜಾಯಿಂಟ್ ಹತ್ತಿರ ಆರ್ಮಿನ ಕೆಳಗೆ ಮರದ ತುಂಡು ಇಟ್ಟು ಜ್ಯಾಕ್ ಏರಿಸಿ. ಹಬ್ಬಿನ ನಡುವಿನಿಂದ ಫೆಂಡರ್‌ವರೆಗಿನ ಅಳತೆ ಆ ಹೊಸ ಸಂಖ್ಯೆಗೆ ಬಂದಾಗ ನಿಲ್ಲಿಸಿ. ಕಾರು ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತಿದೆಯಾ ಎಂದು ಕಣ್ಣಿಟ್ಟಿರಿ, ಎದ್ದರೆ ಅಲ್ಲಿಗೇ ನಿಲ್ಲಿಸಿ. ಹಗುರ ಕಾರಾದರೆ ಈ ದಾರಿ ಬಿಟ್ಟು ನಾಲ್ಕೂ ಚಕ್ರದಡಿ ದಪ್ಪ, ಅಗಲ ಹಲಗೆ ಜೋಡಿಸಿ, ಕಾರು ತನ್ನ ಭಾರದಲ್ಲೇ ನಿಂತಿರುವಾಗ ಕೆಳಗಿನಿಂದ ಕೈ ಹಾಕಿ ಬಿಗಿ ಮಾಡುವುದೇ ವಾಸಿ. ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್ ಬಳಸಿ, ಎಷ್ಟು ಬಿಗಿ ಎಂಬ ಸಂಖ್ಯೆ ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಅಲ್‌ನಲ್ಲಿರುತ್ತದೆ. ಬಿಗಿಯಾದ ಪ್ರತಿ ನಟ್ಟಿಗೆ ಒಂದು ಪೇಂಟ್ ಗೆರೆ ಎಳೆಯಿರಿ. ಆಂಟಿ ರೋಲ್ ಬಾರ್ ಲಿಂಕನ್ನು ಎರಡೂ ಕಡೆ ಚಕ್ರ ಸಮ ಎತ್ತರದಲ್ಲಿದ್ದಾಗ ಜೋಡಿಸಿ.

ಇದೆಲ್ಲಕ್ಕೆ ಒಂದು ಗಂಟೆ ಹೆಚ್ಚು ಬೇಕು. ಗ್ಯಾರೇಜಿನಲ್ಲಿ ಮಾಡಿಸಿದರೂ ಪಕ್ಕದಲ್ಲಿ ನಿಂತು ಕೇಳಿ: "ಅಣ್ಣಾ, ಬುಷ್ ಬೋಲ್ಟ್ ಕಾರು ನೆಲಕ್ಕೆ ಇಳಿಸಿದ ಮೇಲೆ ಬಿಗಿ ಮಾಡ್ತೀರಾ?" ನನ್ನ ಹಳೆಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ಇದನ್ನು ಮಾಡಿರಲಿಲ್ಲ. ನಾನೂ ಕೇಳಿರಲಿಲ್ಲ. ಎರಡೂ ಆರ್ಮ್ ಬುಷ್ ಹರಿದುಹೋದವು.

ಇಳಿಸಿದ ಮೇಲೆ

ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಬಾಡಿ ನಡುವೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಇರುತ್ತದೆ. ಕಾರಿನಲ್ಲಿ ಭಾರ ಎಷ್ಟಿದೆ ಎಂದು ಅಳೆದು ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಅದು. ಕಾರು ತಗ್ಗಿದರೆ "ಜನ ತುಂಬಿದ್ದಾರೆ" ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಕಾರು ಗಿರ್ರನೆ ತಿರುಗಬಹುದು. ಇದ್ದರೆ ಸರಿಹೊಂದಿಸಲೇಬೇಕು. ಹೆಡ್‌ಲೈಟನ್ನೂ ಮತ್ತೆ ಹೊಂದಿಸಿ. ಸ್ಟೇರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ಬ್ರೇಕ್ ಪೈಪ್ ಎಲ್ಲೂ ಎಳೆದಿಲ್ಲ, ಟೈರು ಎಲ್ಲೂ ಉಜ್ಜುತ್ತಿಲ್ಲ ಎಂದು ನೋಡಿ.

150–200 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂತುಕೊಳ್ಳಲಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರ್ ಅನ್ನು, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನವನ್ನು, ದೂರುತ್ತಾರೆ. ಹೆಚ್ಚು ಸಲ ನಿಜವಾದ ಕಳ್ಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಕಾರು ಇಳಿದಾಗ ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕೋನ ಬದಲಾಗಿ ಟೋ ಕೆಡುತ್ತದೆ. ಟೋ ಕಂಪನಿ ಹೇಳಿದ ಮಿತಿಯಲ್ಲಿರಲಿ, ಎರಡೂ ಕಡೆ ಕ್ಯಾಂಬರ್ ಒಂದೇ ಇರಲಿ. ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಬರೀ ಬಾಯಿಮಾತಿನಲ್ಲಿ "ಆಯ್ತು ಸರ್" ಅಂದರೆ ಒಪ್ಪಬೇಡಿ.

ಇಷ್ಟಾದ ಮೇಲೂ ದುಡ್ಡು ಉಳಿದಿದ್ದರೆ, ಮುಂದಿನ ಚಕ್ರದಿಂದ ಓಡುವ ಕಾರಿಗೆ ಹಿಂದೆ ಸ್ವಲ್ಪ ದಪ್ಪ ಆಂಟಿ ರೋಲ್ ಬಾರ್ ಹಾಕಿಸಿ. ತಿರುವಿನಲ್ಲಿ ಮೂತಿ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಆದರೆ ಮಳೆಯಲ್ಲಿ ಹಿಂಭಾಗ ಬೇಗ ಜಾರುತ್ತದೆ, ಹಾಗಾಗಿ ಒಂದೇ ಸಲಕ್ಕೆ ಅತಿ ದಪ್ಪದ್ದು ಬೇಡ. ಎಂಜಿನ್ ಮೇಲೆ ಅಡ್ಡ ಹಾಕುವ ಹೊಳೆಯುವ ಸ್ಟ್ರಟ್ ಬಾರ್ ಕೊಳ್ಳಬೇಡಿ. ಗಟ್ಟಿ ಬಾಡಿಯ ಇಂದಿನ ಕಾರುಗಳಲ್ಲಿ ಅದರಿಂದ ಸಿಗುವ ಲಾಭ ಕೈಗೆ ಗೊತ್ತಾಗುವುದೂ ಕಷ್ಟ.

500 ಕಿ.ಮೀ. ಆದಾಗ ಇನ್ನೊಮ್ಮೆ ಕೆಳಗೆ ಹೋಗಿ ಪೇಂಟ್ ಗೆರೆಗಳನ್ನು ನೋಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಅರ್ಥ. ಅದನ್ನು ಮತ್ತೆ ಬಿಗಿ ಮಾಡಿ, ಆಗಲೂ ಕಾರು ತನ್ನ ಕಾಲ ಮೇಲೇ ನಿಂತಿರಲಿ.