ಹಾಡೋರೇ ಇಲ್ಲದ ಕಾನ್ಸರ್ಟು, ಎರಡನೇ ಸಲ ಸರಿಯಾಗಿ ಕೇಳಿದ್ದು

ಮೊಗ್ವಾಯ್, ಎಕ್ಸ್‌ಪ್ಲೋಶನ್ಸ್ ಇನ್ ದ ಸ್ಕೈ, ಜಪಾನಿನ ಮೋನೋ, ಹೀಗೆ ಹೆಚ್ಚಾಗಿ ಹಾಡೋರಿಲ್ಲದೆ ಬರೀ ವಾದ್ಯಗಳನ್ನೇ ನುಡಿಸೋ ಪೋಸ್ಟ್ ರಾಕ್ ಬ್ಯಾಂಡುಗಳನ್ನ ವರ್ಷಗಟ್ಟಲೆ ಹೆಡ್‌ಫೋನಲ್ಲೇ ಕೇಳ್ಕೊಂಡು ಬಂದೋನು ನಾನು. ಮೊದಲನೇ ಸಲ ಇಂಥ ಒಂದು ಬ್ಯಾಂಡನ್ನ ಲೈವ್ ಕೇಳೋಕೆ ಹೋದಾಗ ಸೀದಾ ಸ್ಟೇಜ್ ಹತ್ರ ಬಲಗಡೆ ಸ್ಪೀಕರ್ ಎದುರಿಗೇ ನಿಂತ್ಕೊಂಡೆ, ಇಯರ್‌ಪ್ಲಗ್ ಇಲ್ಲ, ಕೈಯಲ್ಲಿ ಫೋನು, ಮೂರನೇ ಪೀಸ್ ಹೊತ್ತಿಗೆ ಆ ಕಡೆ ಗಿಟಾರಿಸ್ಟ್ ಏನು ನುಡಿಸ್ತಿದಾನೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಎರಡು ದಿನ ಕಿವೀಲಿ ಗುಂಯ್ ಅಂತಿತ್ತು. ತುಂಬ ಭಯ ಆಯ್ತು.

ಎರಡನೇ ಸಲ ಹೋಗೋ ಮುಂಚೆ ಸ್ವಲ್ಪ ಓದ್ಕೊಂಡೆ. 85 ಡೆಸಿಬೆಲ್ ಸದ್ದನ್ನ 8 ಗಂಟೆ ಕೇಳಬಹುದು ಅನ್ನೋ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್ ಜಾಸ್ತಿ ಆದಾಗ್ಲೂ ಟೈಮ್ ಅರ್ಧ ಆಗತ್ತೆ, 100ಕ್ಕೆ ಬರೋ ಹೊತ್ತಿಗೆ ಉಳಿಯೋದು 15 ನಿಮಿಷ ಅಷ್ಟೇ. ಈ ಬ್ಯಾಂಡುಗಳ ಕೆಲವು ಪೀಸುಗಳೇ 10-15 ನಿಮಿಷ ಇರತ್ತೆ! ಹಾಗಾಗಿ ಸಂಗೀತಗಾರರು ಹಾಕ್ಕೊಳ್ಳೋ ಫಿಲ್ಟರ್ ಇರೋ ಪ್ಲಗ್ ತಗೊಂಡೆ, ಫೋಮ್ ಪ್ಲಗ್ ಆದ್ರೆ ಮೇಲಿನ ಸ್ವರಗಳನ್ನೇ ಜಾಸ್ತಿ ನುಂಗಿಬಿಡತ್ತೆ, ಎಲ್ಲಾ ಕಂಬಳಿ ಹೊದ್ದು ಕೇಳಿದ ಹಾಗಿರತ್ತೆ. ಈ ಸಲ ನಿಂತಿದ್ದು ಹಾಲ್ ಮಧ್ಯದಲ್ಲಿ, ಸೌಂಡ್ ಇಂಜಿನಿಯರ್ ಎಲ್ಲಾ ವಾದ್ಯಗಳ ಸದ್ದು ಬೆರೆಸಿ ಹದ ಮಾಡೋ ಮಿಕ್ಸರ್ ಮುಂದೆ. ಅವರು ತಮ್ಮ ಕಿವಿಗೆ ಕೇಳೋದನ್ನ ನಂಬಿ ತಾನೇ ಮಿಕ್ಸ್ ಮಾಡೋದು, ಅವರ ಹತ್ರ ನಿಂತ್ರೆ ನಮಗೂ ಅದೇ ಸಿಗತ್ತೆ. ಗೋಡೆ ಪಕ್ಕ ಮಾತ್ರ ಬೇಡ, ಅಲ್ಲಿ ಬೇಸ್, ಅಂದ್ರೆ ತಗ್ಗಿನ ದಪ್ಪ ಸದ್ದು, ಗುಡ್ಡೆ ಹಾಕ್ಕೊಂಡು ಉಳಿದಿದ್ದನ್ನ ಮುಚ್ಚಿಬಿಡತ್ತೆ.

ಆಗ ಕೇಳಿಸಿದ್ದೇ ಬೇರೆ. ಇಷ್ಟು ದಿನ ಕೀಬೋರ್ಡ್ ಅನ್ಕೊಂಡಿದ್ದ ಸದ್ದು ಗಿಟಾರಿಂದು ಅಂತ ಅವತ್ತೇ ಕಣ್ಣಾರೆ ನೋಡಿದ್ದು, ಗಿಟಾರಿಸ್ಟ್ ತಂತಿ ಮೀಟೋವಾಗ ವಾಲ್ಯೂಮ್ ಪೆಡಲಲ್ಲಿ ಸದ್ದು ಪೂರ್ತಿ ಇಳಿಸಿರ್ತಾನೆ, ಮೀಟಿದ್ಮೇಲೆ ಕಾಲಲ್ಲಿ ಮೆಲ್ಲಗೆ ಏರಿಸ್ತಾನೆ, ಮೀಟಿದ ಟಣ್ ಕೇಳ್ಸೋದೇ ಇಲ್ಲ, ಸ್ವರ ಎಲ್ಲಿಂದಲೋ ಹುಟ್ಟಿ ಬಂದ ಹಾಗೆ, ಅದನ್ನ ಡಿಲೇ ಪೆಡಲ್ ಮತ್ತೆ ಮತ್ತೆ ವಾಪಸ್ ಕಳಿಸ್ತಾ ಇರತ್ತೆ. 1994ರಲ್ಲಿ ಸೈಮನ್ ರೆನಾಲ್ಡ್ಸ್ ಅನ್ನೋ ವಿಮರ್ಶಕರು ಪೋಸ್ಟ್ ರಾಕ್ ಅನ್ನೋ ಹೆಸರಿಗೆ ರಾಕ್ ವಾದ್ಯಗಳನ್ನ ರಾಕ್ ಅಲ್ಲದ ಕೆಲಸಕ್ಕೆ ಬಳಸೋದು ಅಂತ ಅರ್ಥ ಕೊಟ್ಟಿದ್ರು, ಆ ಮಾತು ನಂಗೆ ಅರ್ಥ ಆಗಿದ್ದು ಆ ಕಾಲು ನೋಡಿದಾಗ.

ಹಾಡೋರಿಲ್ಲ ಅಂದ್ಮೇಲೆ ಎಲ್ಲಿ ನೋಡ್ಬೇಕು ಅಂತ ಕೇಳ್ತಾರೆ ಕೆಲವರು. ಡ್ರಮ್ಮರ್ ಕೈ ನೋಡಿ. ಯಾವಾಗ ಏರ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಬ್ಯಾಂಡಿನವರೇ ಅಲ್ಲಿ ನೋಡ್ತಿರ್ತಾರೆ. ಒಂದು ಪೀಸಲ್ಲಿ ಎಲ್ಲಾ ಏಕ್‌ದಮ್ ನಿಂತೋಯ್ತು, ಮುಂದೆ ಕೆಲವರು ಚಪ್ಪಾಳೆ ಶುರು ಮಾಡಿದ್ರು, ಆದ್ರೆ ಅವನ ಸ್ಟಿಕ್ಕು ಇನ್ನೂ ಮೇಲೇ ಇತ್ತು. ಚಪ್ಪಾಳೆ ತಾನಾಗೇ ನಿಂತು ಅಷ್ಟು ಜನ ಉಸಿರು ಬಿಗಿಹಿಡಿದ ಹಾಗೆ ಸುಮ್ಮನಾದ್ರು, ಗಿಟಾರ್ ಸದ್ದನ್ನ ದೊಡ್ಡದು ಮಾಡೋ ಆಂಪ್‌ಗಳ ಸಣ್ಣ ಸುಯ್ ಅನ್ನೋದೂ ಕೇಳಿಸ್ತು. ನಂಗೆ ಇಡೀ ಸಂಜೆಯ ಅತಿ ದೊಡ್ಡ ಘಳಿಗೆ ಅದೇ. ಆಮೇಲೆ ಬ್ಯಾಂಡಿನವರೆಲ್ಲ ಒಟ್ಟಿಗೆ ಮತ್ತೆ ನುಡಿಸೋಕೆ ಶುರು ಮಾಡಿದಾಗ ಬೇಸ್ ಎದೆಗೇ ಬಂದು ತಾಗಿತು, ಹೆಡ್‌ಫೋನಿಂದ ಅದು ಎದೆಗೆ ಬರೋದಾದ್ರೂ ಹೇಗೆ. ಅಳು ಬಂತು, ಒರೆಸ್ಕೊಳ್ಳೋಕೂ ಹೋಗ್ಲಿಲ್ಲ. ಫೋನು ಜೇಬಲ್ಲೇ ಇತ್ತು.

ಕೊನೇಲಿ ಗಿಟಾರುಗಳನ್ನ ಆಂಪಿಗೆ ಒರಗಿಸಿಟ್ಟು ನಾಲ್ಕೂ ಜನ ಹೊರಟೇ ಹೋದ್ರು, ಗಿಟಾರಿಗೂ ಆಂಪಿಗೂ ನಡುವೆ ಸದ್ದು ತಾನಾಗೇ ಸುತ್ತೋ ಫೀಡ್‌ಬ್ಯಾಕ್ ಮಾತ್ರ ಮೊರೀತಾನೇ ಇತ್ತು. ನನ್ನ ಹಿಂದೆ ಇಂಜಿನಿಯರ್ ಮಿಕ್ಸರಲ್ಲಿ ಸದ್ದು ಏರಿಸಿ ಇಳಿಸೋ ಫೇಡರ್ ಮೇಲೆ ಬೆರಳಿಟ್ಟು, ಆತುರ ಇಲ್ದೆ, ಕೂದಲೆಳೆಯಷ್ಟಷ್ಟೇ ಇಳಿಸ್ತಾ ಬಂದ್ರು. ಪೂರ್ತಿ ಇಳಿಯೋವರ್ಗೂ ನಿಂತಿದ್ದು ಆಮೇಲೆ ಪ್ಲಗ್ ತೆಗೆದೆ.